ಕೂಟದ ವಿನೋದ, ಸಂಘದ ಕಾರುಬಾರು

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತುಳುನಾಡಿನ ರಸಿಕರಿಗೆ ಬಹುಕಾಲ ಉಳಿಯುತ್ತಿದ್ದ ವಿನೋದವೆಂದರೆ ತಾಳಮದ್ದಳೆ. ಉಡುಪಿ, ಕಾಪು, ಕಾರ್ಕಳ ಸೀಮೆಯ ಮನೆಗಳಲ್ಲಿ ಆಟಿ ತಿಂಗಳ ಮಳೆಯು ಮಾಡಿನ ಮೇಲೆ ತನ್ನದೇ ಮದ್ದಳೆಯನ್ನು ಬಾರಿಸುತ್ತಿರಲು, ಒಳಗೆ ಚಾವಡಿಯಲ್ಲಿ ಭಾಗವತನು ತಾಳ ಹಿಡಿದು ಪದವನ್ನೆತ್ತುವನು; ಅವನ ಇಕ್ಕೆಲಗಳಲ್ಲಿ ಇದಿರುಬದಿರಾಗಿ ಕುಳಿತ ಗೃಹಸ್ಥರು ಉಟ್ಟ ಪಂಚೆ, ಹೊದೆದ ಶಲ್ಯಗಳಲ್ಲಿಯೇ, ಬಣ್ಣವಿಲ್ಲದೆ, ಕಿರೀಟವಿಲ್ಲದೆ, ಒಬ್ಬನು ಕೃಷ್ಣನಾಗಿ ಇನ್ನೊಬ್ಬನು ಕೌರವನಾಗಿ ಮಾತನಾಡುವರು. ಪದವು ಕವಿಯದು, ಅರ್ಥವು ಹೇಳುವವನದು. ಪದವು ಬರೆದಿಟ್ಟದ್ದು, ಅರ್ಥವು ಆ ಕ್ಷಣದಲ್ಲಿಯೇ ಹುಟ್ಟತಕ್ಕದ್ದು. ಇದಿರು ಕುಳಿತವನು ಯಾವ ಪ್ರಶ್ನೆಯನ್ನು ಒಡ್ಡುವನೆಂಬುದು ಕೇಳುವವರಿಗೆ ಹೇಗೋ ಹಾಗೆ ಉತ್ತರಿಸಬೇಕಾದವನಿಗೂ ತಿಳಿದಿರುವುದಿಲ್ಲ. ಕಥೆಯ ಕೊನೆಯು ಮಾತ್ರ ಎಲ್ಲರಿಗೂ ತಿಳಿದದ್ದೇ: ಸಂಧಾನವು ಮುರಿಯುವುದು, ವಾಲಿಯು ಸಾಯುವನು.

ಹಲವರು ಕೂಡಿ ಪಾತ್ರಗಳನ್ನು ಹಂಚಿಕೊಂಡು, ಮೊದಲೇ ಬರೆಯದ ಮಾತುಗಳಿಂದ ಕಥೆಯನ್ನು ಕಟ್ಟುವ ಆಟವು ಲೋಕದಲ್ಲಿ ಇಲ್ಲದ್ದೇನೂ ಅಲ್ಲ. ಅಮೆರಿಕೆಯಲ್ಲಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದಲ್ಲಿಯೂ ಮೇಜಿನ ಸುತ್ತ ಕುಳಿತವರು ವೀರರೂ ಮಾಂತ್ರಿಕರೂ ಆಗಿ ಮಾತನಾಡುವರೆಂದೂ, ಅವರನ್ನು ನಡೆಸುವುದಕ್ಕೆ ಒಬ್ಬ ಯಜಮಾನನಿರುವನೆಂದೂ ಬಲ್ಲವರು ಹೇಳುತ್ತಾರೆ. ಆ ಆಟಕ್ಕೆ ನಿಯಮದ ಪುಸ್ತಕಗಳೇ ಸಂಪುಟ ಸಂಪುಟಗಳಾಗಿ ಹೊರಟಿವೆ. ತಾಳಮದ್ದಳೆಗಾದರೋ ಅಂತಹ ನಿಯಮಗ್ರಂಥವು ಎಂದೂ ಇದ್ದಿಲ್ಲ. ಬಳ್ಳಾರಿ ಜಿಲ್ಲೆಯ ಸೋಮಸಮುದ್ರದ 1556ರ ಶಾಸನದಲ್ಲಿ ತಾಳಮದ್ದಳೆಯ ಸೇವೆ ಮಾಡುವವರಿಗೆ ಭೂಮಿಯನ್ನು ಬಿಟ್ಟ ಸಂಗತಿ ಬರುತ್ತದೆ. ಕಲೆಯ ಹೆಸರು ಮೊದಲಾಗಿ ಕಾಣಿಸಿಕೊಳ್ಳುವುದೇ ದಾನಪತ್ರದಲ್ಲಿ ಎಂಬುದು ಕೊಂಚ ನಗೆಯನ್ನು ತರುವ ಸಂಗತಿ. ಆದರೆ ಆ ಕಲ್ಲಿನ ಮೇಲೂ ಅರ್ಥವನ್ನು ಎಷ್ಟು ಹೊತ್ತು ಹೇಳಬೇಕೆಂದು ಯಾರೂ ಕೆತ್ತಿಸಲಿಲ್ಲ.

ಈಗ ಕೂಟಗಳು ಸಂಘಗಳಾಗಿವೆ, ಸಂಘಗಳಿಗೆ ನಿಯಮಾವಳಿಗಳಾಗಿವೆ. ಇದರ ಸುತ್ತ ಎರಡು ಬಗೆಯ ದೂರುಗಳು ಕೇಳಿಬರುತ್ತವೆ. ಕಟ್ಟುನಿಟ್ಟಿಲ್ಲದೆ ಕೂಟವು ಕೆಟ್ಟಿತು, ಬಾಯಿಗೆ ಬಂದವನು ಬಂದಷ್ಟು ಹೇಳುತ್ತಾನೆ ಎಂಬುದು ಒಂದು. ಕಟ್ಟುನಿಟ್ಟಿನಿಂದಲೇ ಕೂಟವು ಕೆಟ್ಟಿತು, ಗಡಿಯಾರ ನೋಡಿ ಅರ್ಥ ಹೇಳಬೇಕಾಯಿತು ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲವಾದ್ದರಿಂದಲೇ ವಿಷಯವು ವಿಚಾರಾರ್ಹವಾಗಿದೆ. ಆಟದ ಒಳಗಿನಿಂದ ಹುಟ್ಟಿ ಇದಿರಾಳಿಯ ಮಾತಿಗೆ ಎಡೆಗೊಡುವ ವಿಧಿಯು ಬೇರೆ. ಆಟದ ಹೊರಗೆ ನಿಂತು ಆಟವನ್ನು ಏರ್ಪಡಿಸಿದವನ ಅನುಕೂಲವನ್ನು ಕಾಯುವ ವಿಧಿಯು ಬೇರೆ. ಇವೆರಡನ್ನೂ ಒಂದೇ ಪುಸ್ತಕದಲ್ಲಿ ಬರೆದು ಎರಡಕ್ಕೂ ಶಿಸ್ತೆಂದು ಹೆಸರಿಟ್ಟದ್ದರಿಂದ ಗೊಂದಲವು ಹುಟ್ಟಿದೆ.

ಒಳಗಿನ ವಿಧಿಯು ಹೇಗಿರುತ್ತದೆಂಬುದನ್ನು ತಿಳಿಯಲು ವಾಲಿಯ ವಧೆಯ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ವಾಲ್ಮೀಕಿಯ ಕಿಷ್ಕಿಂಧಾಕಾಂಡದ 17ನೆಯ ಸರ್ಗದಲ್ಲಿ ಬಿದ್ದ ವಾಲಿಯು ರಾಮನನ್ನು ಮೂದಲಿಸುತ್ತಾನೆ. 18ನೆಯದರಲ್ಲಿ ರಾಮನು ಉತ್ತರ ಕೊಡುತ್ತಾನೆ. ಕುಂಬಳೆಯ ಪಾರ್ತಿಸುಬ್ಬನು ಈ ಭಾಗವನ್ನು ಪದಗಳಾಗಿ ಮಾಡಿದನು. ಮುದ್ರಿತ ಪ್ರಸಂಗದಲ್ಲಿ ಈ ಸಂವಾದವು ಹಿಡಿಯುವ ಸ್ಥಳವು ಅತ್ಯಲ್ಪ. ಕೂಟದಲ್ಲಿ ಅದೇ ಭಾಗವು ಗಂಟೆಗಟ್ಟಲೆ ಬೆಳೆಯುತ್ತದೆ. ಬೇರೊಬ್ಬನೊಡನೆ ಹೋರಾಡುತ್ತಿದ್ದ ತನ್ನನ್ನು ಮರೆಯಲ್ಲಿ ನಿಂತು ಹೊಡೆದುದೇಕೆ, ತನ್ನ ಚರ್ಮವಾಗಲಿ ಮಾಂಸವಾಗಲಿ ಕ್ಷತ್ರಿಯನಿಗೆ ಉಪಯೋಗಕ್ಕೆ ಬಾರದಿರುವಾಗ ಇದು ಯಾವ ಬೇಟೆ, ಸೀತೆಯ ವಿಷಯವನ್ನು ತನ್ನೊಡನೆ ಹೇಳಿದ್ದರೆ ಒಂದೇ ದಿನದಲ್ಲಿ ಅವಳನ್ನು ತಂದೊಪ್ಪಿಸುತ್ತಿದ್ದೆನಲ್ಲ ಎಂದು ವಾಲಿಯ ಆಕ್ಷೇಪ. ಭೂಮಿಯು ಇಕ್ಷ್ವಾಕುಗಳದು, ಭರತನ ಆಜ್ಞೆಯಿಂದ ಅಧರ್ಮಿಯನ್ನು ದಂಡಿಸಿದ್ದೇನೆ, ತಮ್ಮನ ಹೆಂಡತಿಯನ್ನು ಅಪಹರಿಸಿದವನಿಗೆ ವಧೆಯೇ ದಂಡ ಎಂಬುದು ರಾಮನ ಒಂದು ಸಮಾಧಾನ. ನೀನು ಶಾಖಾಮೃಗವು, ಮೃಗವನ್ನು ಮರೆಯಿಂದ ಹೊಡೆಯುವುದು ರಾಜರಿಗೆ ಸಲ್ಲುತ್ತದೆ ಎಂಬುದು ಇನ್ನೊಂದು.

ಬುದ್ಧಿವಂತನಾದ ಅರ್ಥಧಾರಿಯು ಈ ಎರಡು ಸಮಾಧಾನಗಳ ನಡುವಿನ ಬಿರುಕಿನಲ್ಲಿ ಬೆರಳಿಡದೆ ಇರಲಾರನು. ಮೃಗವಾದರೆ ಧರ್ಮಶಾಸ್ತ್ರದ ದಂಡವೇಕೆ? ಧರ್ಮಕ್ಕೆ ಒಳಗಾದವನಾದರೆ ಮೃಗಯೆಯ ನೆಪವೇಕೆ? ಹೀಗೆ ಕೇಳಿದ ವಾಲಿಗೆ ಸುಲಭವಾದ ಉತ್ತರವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯ ಅರ್ಥಕ್ಕೆ ಕುಳಿತರೆಂದರೆ ಇದಿರಿನ ರಾಮನಿಗಾಗಿ ಸಭೆಯೇ ಕನಿಕರ ಪಡುತ್ತಿತ್ತೆಂದು ಕೇಳಿದವರು ಇಂದಿಗೂ ಹೇಳುತ್ತಾರೆ. ಆದರೂ ಪದವು ಏನೆನ್ನುತ್ತದೆ? ಕೊನೆಯಲ್ಲಿ ವಾಲಿಯು ಕೈಮುಗಿಯಬೇಕು. ತರ್ಕದಲ್ಲಿ ಗೆದ್ದವನು ಕಥೆಯಲ್ಲಿ ಸೋಲಬೇಕು. ಸೋಲುವುದಷ್ಟೇ ಅಲ್ಲ, ತಾನು ಸೋತದ್ದು ಏಕೆಂಬುದನ್ನು ಕೇಳುವವರ ಮನಸ್ಸಿಗೆ ಒಪ್ಪುವಂತೆ ತಾನೇ ಹೇಳಬೇಕು. ಒಬ್ಬನು ಮರಣಕಾಲದ ನಿರ್ಮಲಜ್ಞಾನದಿಂದ ಇಳಿಯುವನು. ಒಬ್ಬನು ಸುಗ್ರೀವನ ಮುಖವನ್ನು ನೋಡಿ ತನ್ನ ಅಪರಾಧವನ್ನು ನೆನೆದು ಇಳಿಯುವನು. ಒಬ್ಬನು ಮಗನಾದ ಅಂಗದನನ್ನು ಯಾರ ಕೈಗೆ ಒಪ್ಪಿಸಲಿ ಎಂಬ ಚಿಂತೆಯಿಂದ ಮೆತ್ತಗಾಗುವನು. ಆ ಇಳಿಯುವಿಕೆಯಲ್ಲಿ ಈ ಕಲೆಯ ಅತ್ಯಂತ ಸೂಕ್ಷ್ಮವಾದ ಸುಖವಿದೆ. ಪದವೆಂಬ ವಿಧಿಯು ಇರದಿದ್ದರೆ ವಾಲಿಯು ಗೆದ್ದೇ ಬಿಡುತ್ತಿದ್ದನು, ಸುಖವು ಇರುತ್ತಿರಲಿಲ್ಲ.

ಈ ವಿಧಿಯನ್ನು ಜಾರಿಗೆ ಕೊಡುವವನು ಭಾಗವತನು. ಅವನ ಅಧಿಕಾರವು ವಿಚಿತ್ರವಾದದ್ದು. ಅರ್ಥಧಾರಿಯ ಮಾತನ್ನು ಅವನು ಬಾಯಿಂದ ತಡೆಯುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಮಾತು ಪದದ ಅರ್ಥವನ್ನು ಮುಟ್ಟಿ, ಮುಂದಿನ ಪದಕ್ಕೆ ತಕ್ಕ ಎತ್ತುಗಡೆ ಬಂದಾಗ ತಾಳವನ್ನು ಎತ್ತುವನು. ಎತ್ತುಗಡೆಯೆಂದರೆ ಅರ್ಥಧಾರಿಯು ತನ್ನ ಮಾತಿನ ತುದಿಯನ್ನು ಮುಂದಿನ ಪದದ ಬಾಯಿಗೆ ತಂದು ಸೇರಿಸುವ ಕ್ರಮ. ಇದನ್ನು ಅರಿತವನ ಮಾತು ಎಲ್ಲಿ ನಿಂತಿತು, ಹಾಡು ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯದಂತೆ ಇರುತ್ತದೆ. ಅರಿಯದವನು ಮಾತನ್ನು ಎಳೆಯುತ್ತಲೇ ಹೋದರೆ ಭಾಗವತನು ಶ್ರುತಿಯನ್ನು ಹಿಡಿದು ಮೆಲ್ಲನೆ ಆಲಾಪಿಸುವನು. ಮದ್ದಳೆಗಾರನು ಒಂದು ಪೆಟ್ಟು ಕೊಡುವನು. ಇಷ್ಟರಲ್ಲಿ ಆಜ್ಞೆಯೂ ಆಯಿತು, ಅವಮಾನವೂ ಆಗಲಿಲ್ಲ. ಹಿರಿಯಡಕ ಗೋಪಾಲರಾಯರಂತೆ ನೂರು ವರುಷ ದಾಟಿ ಬಾಳಿ 2020ರಲ್ಲಿ ತೀರಿಕೊಂಡ ಮದ್ದಳೆವಾದಕರ ತಲೆಮಾರಿನವರು ಬೆರಳ ತುದಿಯಲ್ಲಿ ಇಂತಹ ಎಷ್ಟು ಆಜ್ಞೆಗಳನ್ನು ಇಟ್ಟುಕೊಂಡಿದ್ದರೋ ಎಣಿಸಿದವರಿಲ್ಲ. ಭಾಗವತನು ತಾನೂ ಆಟದೊಳಗಿನವನು. ಅವನು ತಪ್ಪಿದರೆ ಅವನ ಹಾಡೇ ಕೆಡುವುದು. ಅಧಿಕಾರ ನಡೆಸುವವನಿಗೂ ಆಟ ಕೆಟ್ಟರೆ ನಷ್ಟವಿರಬೇಕೆಂಬ ಈ ಏರ್ಪಾಡನ್ನು ಯಾವ ಸಮಿತಿಯೂ ಕುಳಿತು ನಿರ್ಣಯಿಸಿದ್ದಲ್ಲ.

ಇಷ್ಟಕ್ಕೇ ಹಳೆಯ ಕಾಲವೆಲ್ಲ ಹೊನ್ನಿನ ಕಾಲವೆಂದು ಹೇಳಹೊರಟರೆ ಅದು ಸತ್ಯವಾಗದು. ನ್ಯಾಯಸೂತ್ರಕಾರನಾದ ಗೌತಮನು ಕಥೆಯನ್ನು ವಾದ, ಜಲ್ಪ, ವಿತಂಡೆ ಎಂದು ಮೂರು ಬಗೆಯಾಗಿ ವಿಂಗಡಿಸಿದನಷ್ಟೆ. ತತ್ತ್ವವನ್ನು ತಿಳಿಯಬೇಕೆಂಬವರದು ವಾದ, ಗೆಲ್ಲಬೇಕೆಂಬವರದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಇದಿರಿನವನದನ್ನು ಮುರಿಯುವುದಷ್ಟೇ ವಿತಂಡೆ. ಹಳೆಯ ಕೂಟಗಳಲ್ಲಿ ಈ ಮೂರನೆಯದು ಬೇಕಾದಷ್ಟಿತ್ತು. ಕಂಬಳಿಯು ಹೊಸದೆಂಬ ಅರ್ಥದಲ್ಲಿ ‘ನವಕಂಬಲ’ ಎಂದವನನ್ನು ‘ಒಂಬತ್ತು ಕಂಬಳಿ ಎಲ್ಲಿವೆ, ತೋರಿಸು’ ಎಂದು ಕೇಳುವುದು ಪಾಠಶಾಲೆಯ ಮಕ್ಕಳಿಗೆಲ್ಲ ತಿಳಿದ ಛಲದ ಉದಾಹರಣೆ. ಇಂತಹ ಛಲದಿಂದ ಇದಿರಾಳಿಯ ಒಂದು ಶಬ್ದವನ್ನು ಹಿಡಿದು ಇಡೀ ರಾತ್ರಿಯನ್ನು ಕಳೆದು, ಪ್ರಸಂಗವನ್ನು ಅರ್ಧದಲ್ಲಿಯೇ ಬಿಟ್ಟು, ಬೆಳಗಿನ ಕಾಗೆ ಕೂಗಿದ ಮೇಲೆ ಮಂಗಳ ಹಾಡಿದ ಕೂಟಗಳ ಕಥೆಗಳು ಊರೂರಿನಲ್ಲಿವೆ. ಗದ್ದೆಯ ಅಂಚಿನ ಜಗಳವನ್ನು ಕೃಷ್ಣನ ಬಾಯಲ್ಲಿ ಹೇಳಿಸಿದವರೂ ಉಂಟು. ಹೆಸರುವಾಸಿಯಾದ ಅರ್ಥಧಾರಿಯ ಮುಂದೆ ಹೊಸಬನೊಬ್ಬನು ಕುಳಿತರೆ ಅವನನ್ನು ಶ್ಲೋಕದ ಮೇಲೆ ಶ್ಲೋಕವನ್ನೆಸೆದು ಬಾಯಿಬಿಡದಂತೆ ಮಾಡಿ, ಅದನ್ನು ಪಾಂಡಿತ್ಯವೆಂದು ಹೊಗಳಿಸಿಕೊಂಡ ಉದಾಹರಣೆಗಳಿಗೂ ಕೊರತೆಯಿಲ್ಲ. ಸಂಸ್ಕೃತ ಬಲ್ಲವರ ಮೇಲೆ ಈ ಅಪವಾದವು ಹೆಚ್ಚಾಗಿ ಬಂದಿರುವುದೂ ನ್ಯಾಯವೇ.

ಶಿವರಾಮ ಕಾರಂತರಂತಹವರು ಯಕ್ಷಗಾನದ ಮಾತಿನ ಅತಿರೇಕದಿಂದ ಬೇಸತ್ತು ತಮ್ಮ ಪ್ರಯೋಗಗಳಲ್ಲಿ ಮಾತನ್ನೇ ತೆಗೆದು ಹಾಡು ಕುಣಿತಗಳಿಂದ ಕಥೆಯನ್ನು ಹೇಳಿದರು. ರಂಗದ ಮೇಲಿನ ಆಟಕ್ಕೆ ಆ ಚಿಕಿತ್ಸೆ ತಡೆದೀತು. ತಾಳಮದ್ದಳೆಯಲ್ಲಿ ಮಾತನ್ನು ತೆಗೆದರೆ ಉಳಿಯುವುದು ಜಮಖಾನ ಮತ್ತು ವೀಳ್ಯದ ತಟ್ಟೆ.

ಆದುದರಿಂದ ಮಾತಿಗೆ ಮಿತಿಯನ್ನು ಮಾತಿನಿಂದಲೇ ತರಬೇಕಾಗಿತ್ತು. ತಂದವರು ಅರ್ಥಧಾರಿಗಳೇ. ದೇರಾಜೆ ಸೀತಾರಾಮಯ್ಯನವರು ಹಿತಮಿತವಾದ ಮಾತಿನಿಂದ, ಮೆಲುನಗೆಯಿಂದ, ಪಾತ್ರದ ಸ್ವಭಾವವನ್ನು ಬಿಟ್ಟು ಹೊರಗೆ ಹೋಗದೆ ಕೂಟವನ್ನು ಬೆಳಗಿಸಬಹುದೆಂದು ತೋರಿಸಿದರು. ಮಲ್ಪೆಯ ಸಾಮಗ ಸೋದರರಾದ ಶಂಕರನಾರಾಯಣರೂ ರಾಮದಾಸರೂ ಹರಿಕಥೆಯ ಅನುಭವದಿಂದ ವಾಗ್ಧೋರಣೆಗೆ ಒಂದು ಕ್ರಮವನ್ನು ಕೊಟ್ಟರು. ಕುಂಬಳೆ ಸುಂದರರಾಯರು (1934–2022) ಪ್ರಾಸದ ಮೋಹವುಳ್ಳವರಾಗಿದ್ದರೂ ಆ ಪ್ರಾಸವೇ ಅವರ ವಾಕ್ಯಕ್ಕೆ ಕಟ್ಟೆಯಾಗಿತ್ತು. ಪ್ರಾಸ ಮುಗಿದಲ್ಲಿ ವಾಕ್ಯವೂ ಮುಗಿಯಬೇಕಷ್ಟೆ. ಇವರಲ್ಲಿ ಯಾರ ರೀತಿಯೂ ಇನ್ನೊಬ್ಬರಂತೆ ಇದ್ದಿಲ್ಲ. ಒಂದೇ ಅಚ್ಚಿನ ನಿಯಮದಿಂದ ಇವರನ್ನು ಅಳೆಯಹೊರಟಿದ್ದರೆ ನಾಲ್ವರಲ್ಲಿ ಮೂವರಾದರೂ ಅನುತ್ತೀರ್ಣರಾಗುತ್ತಿದ್ದರು.

ಇನ್ನು ಹೊರಗಿನ ವಿಧಿಗಳ ಮಾತು. ಸಂಘವು ನೋಂದಣಿಯಾಗಬೇಕಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಕನಿಷ್ಠ ಏಳು ಜನರು ಬೇಕು. ಧ್ಯೇಯೋದ್ದೇಶಗಳ ಪತ್ರ ಬೇಕು, ವಾರ್ಷಿಕ ಮಹಾಸಭೆ ಆಗಬೇಕು, ಲೆಕ್ಕಪತ್ರ ಪರಿಶೋಧನೆಯಾಗಬೇಕು. ಇದರಲ್ಲಿ ದೋಷವೇನೂ ಇಲ್ಲ. ಹತ್ತು ಜನರ ಹಣವನ್ನು ಎತ್ತುವವನು ಲೆಕ್ಕವಿಡತಕ್ಕದ್ದೇ. ಉಡುಪಿಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರವೂ 1975ರಲ್ಲಿ ಯಕ್ಷಗಾನ ಕಲಾರಂಗವೂ ಸ್ಥಾಪನೆಯಾಗಿ ಕಲೆಗೂ ಕಲಾವಿದರಿಗೂ ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಬಡ ಕಲಾವಿದನು ಹಾಸಿಗೆ ಹಿಡಿದಾಗ ಚಾವಡಿಯ ರಸಿಕರು ಕಣ್ಣೀರು ಸುರಿಸಿದರೇ ಹೊರತು ಔಷಧಕ್ಕೆ ದುಡ್ಡು ಕೂಡಿದ್ದು ಸಂಘಗಳಿಂದ. ಕಾರುಬಾರನ್ನು ಹಾಸ್ಯ ಮಾಡುವವರು ಇದನ್ನು ಮರೆಯಬಾರದು.

ಹೀಗೆ ಲೆಕ್ಕಕ್ಕೆಂದು ಬಂದ ಕಾರ್ಯದರ್ಶಿಯು ಅರ್ಥಕ್ಕೂ ಕೈ ಹಾಕಿದಾಗ ತೊಡಕು ಹುಟ್ಟುತ್ತದೆ. ಇಂದು ಸಾಮಾನ್ಯವಾಗಿ ಕೂಟವೊಂದು ನಡೆಯುವ ಕ್ರಮವನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಆಮಂತ್ರಣ ಪತ್ರಿಕೆಯಲ್ಲಿ ಪ್ರಸಂಗವೂ ಪಾತ್ರ ಹಂಚಿಕೆಯೂ ಮೊದಲೇ ಅಚ್ಚಾಗುವುದು. ನಾಲ್ಕು ಗಂಟೆಗೆ ಆರಂಭವೆಂದು ಅಚ್ಚಾಗಿದ್ದರೆ ನಾಲ್ಕರಿಂದ ಐದೂವರೆಯ ವರೆಗೆ ಸಭಾ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ದೀಪಪ್ರಜ್ವಲನೆ, ಪ್ರಾಸ್ತಾವಿಕ, ಅಭಿನಂದನೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಮಾನಪತ್ರವಾಚನ, ಅತಿಥಿಗಳ ನಾಲ್ಕು ಮಾತು, ಅಧ್ಯಕ್ಷರ ಎಂಟು ಮಾತು, ವಂದನಾರ್ಪಣೆ. ಭಾಗವತನು ಹಿಂದಿನ ಸಾಲಿನಲ್ಲಿ ಜಾಗಟೆಯನ್ನು ಮಡಿಲಲ್ಲಿಟ್ಟುಕೊಂಡು ಕಾಯುವನು. ಆಮೇಲೆ ಉಳಿದ ಎರಡೂವರೆ ಗಂಟೆಯಲ್ಲಿ ಪ್ರಸಂಗವನ್ನು ಮುಗಿಸಬೇಕೆಂದು ಅರ್ಥಧಾರಿಗಳಿಗೆ ಚೀಟಿ ಬರುವುದು. ಸ್ವಾಗತ ಭಾಷಣಕ್ಕೆ ಮಾತ್ರ ಚೀಟಿ ಕಳುಹಿಸುವ ಪದ್ಧತಿ ಇನ್ನೂ ಬಂದಿಲ್ಲ.

ಕಾಲಮಿತಿಗೆ ಕಾನೂನಿನ ಕಾರಣವನ್ನು ಹೇಳುವವರಿದ್ದಾರೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಬಯಲಾಟದವರಿಗೆ ಇದು ನಿಜವಾದ ಸಂಕಟ. ಆದರೆ ಐವತ್ತು ಜನರು ಕುಳಿತ ಚಾವಡಿಯಲ್ಲಿ ನಡೆಯುವ ತಾಳಮದ್ದಳೆಗೆ ಧ್ವನಿವರ್ಧಕವೇ ಬೇಕಿಲ್ಲ. ಬೆಳಿಗ್ಗೆ ಕಚೇರಿಗೂ ಶಾಲೆಗೂ ಹೋಗಬೇಕಾದವರು ನಿದ್ದೆಗೆಡಲಾರರೆಂಬುದು ನಿಜವಾದ ಕಾರಣ. ಅದನ್ನು ಹಾಗೆಯೇ ಹೇಳುವುದು ಮೇಲು. ರಾತ್ರಿಯಿಡೀ ನಡೆಯುವ ಕೂಟವು ಮೂರು ತಾಸಿಗೆ ಇಳಿದದ್ದರಿಂದ ಒಳ್ಳೆಯದೂ ಆಗಿದೆ. ಹೆಂಗಸರು ಅರ್ಥಕ್ಕೆ ಕುಳಿತು ಸಂಘ ಕಟ್ಟಿ ಕೂಟ ನಡೆಸುವಂತಾಗುವುದಕ್ಕೆ ಸಂಜೆಯ ಹೊತ್ತು ಅನುಕೂಲವಾಗಿದೆ. ವಿತಂಡೆಗೂ ಈಗ ಮೊದಲಿನಷ್ಟು ಎಡೆಯಿಲ್ಲ. ತಾಸುಗಳ ಲೆಕ್ಕಕ್ಕಿಂತ ಆ ತಾಸುಗಳನ್ನು ಒಳಗೆ ಹಂಚುವವರು ಯಾರೆಂಬುದನ್ನು ಕೇಳಬೇಕಾಗಿದೆ.

ಸ್ಪರ್ಧೆಗಳಲ್ಲಿ ಹಂಚುವವರು ತೀರ್ಪುಗಾರರು. ಅಂಕಗಳ ಪಟ್ಟಿಯನ್ನು ಕಂಡು ಇದೊಂದು ಹೊಸ ಕಾಲದ ರೋಗವೆಂದು ಮೂಗು ಮುರಿಯುವ ಪಂಡಿತರು ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವನ್ನು ತೆರೆದು ನೋಡಬೇಕು. ಅಲ್ಲಿ ಪ್ರಾಶ್ನಿಕರೆಂಬ ಪರೀಕ್ಷಕರಿದ್ದಾರೆ. ಯಜ್ಞವನ್ನು ಬಲ್ಲವನಿಂದ ಹಿಡಿದು ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ರಾಜಸೇವಕರ ವರೆಗೆ ತಮ್ಮ ತಮ್ಮ ವಿಷಯದಲ್ಲಿ ನಿರ್ಣಯ ಕೊಡತಕ್ಕವರಿದ್ದಾರೆ. ಸಿದ್ಧಿಗಳನ್ನೂ ಘಾತಗಳನ್ನೂ ಬರೆದುಕೊಳ್ಳುವ ಲೇಖಕನಿದ್ದಾನೆ, ಎಣಿಸುವ ಗಣಕನಿದ್ದಾನೆ. ದೈವದಿಂದಾಗುವ ಘಾತ ಯಾವುದು, ನಟನ ತಪ್ಪಿನಿಂದಾಗುವುದು ಯಾವುದು, ಮತ್ಸರಿಗಳು ಬೊಬ್ಬೆ ಹಾಕಿ ಸೆಗಣಿ, ಮಣ್ಣಿನ ಹೆಂಟೆಗಳನ್ನು ಎಸೆಯುವುದರಿಂದಾಗುವುದು ಯಾವುದು ಎಂಬ ವಿವರವೂ ಇದೆ. ಇಷ್ಟೆಲ್ಲ ಕಚೇರಿಯನ್ನು ಕಟ್ಟಿದ ಭರತನೇ ಕೊನೆಗೆ ದೋಷವೇ ಇಲ್ಲದ ಪ್ರಯೋಗವಿಲ್ಲ, ಗುಣವೇ ಇಲ್ಲದ ಪ್ರಯೋಗವೂ ಇಲ್ಲ, ಆದುದರಿಂದ ದೋಷಗಳನ್ನು ಅತಿಯಾಗಿ ಹಿಡಿಯಬೇಡಿರೆಂಬ ಅಭಿಪ್ರಾಯವನ್ನೂ ಹೇಳಿದ್ದಾನೆ. ಎಣಿಸುವುದನ್ನು ಕಲಿಸಿ, ಎಣಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಕಲಿಸಿದ ಮುನಿಯವನು. ನಮ್ಮ ಕಾಲದ ಸ್ಪರ್ಧೆಗಳು ಮೊದಲನೆಯ ಪಾಠವನ್ನು ಮಾತ್ರ ಓದಿವೆ.

ಅಂಕಗಳ ಪದ್ಧತಿಯಲ್ಲಿ ವಾಲಿಯ ಗತಿ ಏನಾಗುವುದೆಂದು ನೋಡಬೇಕು. ಭಾಷೆಗೆ ಇಷ್ಟು, ವಿಷಯಕ್ಕೆ ಇಷ್ಟು, ವಾದಸಾಮರ್ಥ್ಯಕ್ಕೆ ಇಷ್ಟು, ಕಾಲಪಾಲನೆಗೆ ಇಷ್ಟು ಎಂದು ಅಂಕಗಳನ್ನು ವಿಂಗಡಿಸಿದಾಗ ಪ್ರತಿಯೊಬ್ಬನ ಅಂಕವೂ ಪ್ರತ್ಯೇಕವಾಯಿತು. ಇದಿರಾಳಿಯ ಬಾಯಿ ಮುಚ್ಚಿಸಿದವನಿಗೆ ವಾದಸಾಮರ್ಥ್ಯದ ಅಂಕ ಬರುವುದು. ಇದಿರಾಳಿಯು ತಡವರಿಸಿದಾಗ ಅವನಿಗೆ ನೂಲಿನಷ್ಟು ಸುಳಿವು ಕೊಟ್ಟು, ‘ನೀನು ಹೀಗೆ ಹೇಳಬಹುದು, ಆದರೆ’ ಎಂದು ಅವನ ಉತ್ತರವನ್ನೂ ತಾನೇ ಒದಗಿಸಿ ಸಂವಾದವನ್ನು ಉಳಿಸಿದವನಿಗೆ ಯಾವ ಸಾಲಿನಲ್ಲಿ ಅಂಕ ಕೊಡಬೇಕು? ಸುಂದರವಾಗಿ ಸೋತ ವಾಲಿಗೆ ಎಲ್ಲಿ? ಪೂರ್ವಪಕ್ಷವನ್ನು ಇದಿರಾಳಿಗಿಂತಲೂ ಚೆನ್ನಾಗಿ ಮಂಡಿಸಿ ಅನಂತರ ಖಂಡಿಸುವುದು ಶಾಸ್ತ್ರಜ್ಞರ ಸಂಪ್ರದಾಯ. ಆ ಸಂಪ್ರದಾಯವನ್ನು ಹಿಡಿದವನು ಸ್ಪರ್ಧೆಯಲ್ಲಿ ತನ್ನ ಅಂಕವನ್ನು ಇದಿರಾಳಿಗೆ ದಾನ ಮಾಡಿದಂತೆಯೇ ಸರಿ. ಹೀಗೆ ಬೆಳೆದ ತರುಣರು ಸ್ಪಷ್ಟವಾಗಿ, ವೇಗವಾಗಿ, ತಪ್ಪಿಲ್ಲದೆ ಮಾತನಾಡುತ್ತಾರೆ; ಇದು ಮೆಚ್ಚತಕ್ಕದ್ದೇ. ಇದಿರಿನವನು ಏನು ಹೇಳಿದನೆಂಬುದನ್ನು ಮಾತ್ರ ಕೇಳಿರುವುದಿಲ್ಲ. ಅಂಕವನ್ನು ತಂಡಕ್ಕೆ ಒಟ್ಟಾಗಿ ಕೊಟ್ಟು, ಸಂವಾದಕ್ಕೆ ಮೊದಲ ಸ್ಥಾನವನ್ನಿಟ್ಟರೆ ಈ ದೋಷವು ಬಹುಮಟ್ಟಿಗೆ ಹೋಗಬಹುದು.

2020ರ ಮಹಾಮಾರಿಯ ತಿಂಗಳುಗಳಲ್ಲಿ ಕೂಟಗಳು ಅಂತರಜಾಲಕ್ಕೆ ಏರಿದವು. ಪ್ರೇಕ್ಷಕರಿಲ್ಲದ ಕೋಣೆಯಿಂದ ಪ್ರಸಾರವಾದವು ಕೆಲವು. ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಯಂತ್ರದ ಮುಂದೆ ಕುಳಿತು ನಡೆಸಿದವು ಕೆಲವು. ಮುಂಬಯಿ, ದುಬಾಯಿಗಳಲ್ಲಿದ್ದವರೂ ಕೇಳಿ ಸಂತೋಷಪಟ್ಟರು. ಬೇರೆ ಬೇರೆ ಊರುಗಳಿಂದ ಕೂಡಿದಾಗ ಧ್ವನಿಯು ಕ್ಷಣಕಾಲ ತಡವಾಗಿ ಮುಟ್ಟುವುದರಿಂದ ಎತ್ತುಗಡೆಯು ಸಾಧ್ಯವಾಗದೆ ಹೋಯಿತು. ಅರ್ಥಧಾರಿಯು ಮಾತು ನಿಲ್ಲಿಸಿ ಕಾಯುವನು. ಭಾಗವತನು ಇನ್ನೂ ಮಾತಿದೆಯೆಂದು ಕಾಯುವನು. ಈ ಎರಡು ಕಾಯುವಿಕೆಗಳ ನಡುವೆ ‘ಈಗ ಯಾರು’ ಎಂದು ಹೇಳಿಕೊಡುವ ನಿರ್ವಾಹಕನೊಬ್ಬನು ಬೇಕಾದನು. ಭಾಗವತನ ಅಧಿಕಾರವು ಒಂದು ಉಸಿರಿನ ಅಂತರದಲ್ಲಿ ಇತ್ತೆಂಬುದು, ಆ ಉಸಿರು ತಪ್ಪಿದಾಗ ಗೊತ್ತಾಯಿತು.

ಸಂಘದ ಕತ್ತರಿಯು ಪ್ರಸಂಗದ ಮೇಲೆ ಬೀಳುವ ರೀತಿಯು ಎಲ್ಲಕ್ಕಿಂತ ಹೆಚ್ಚು ಹಾನಿಕರವಾದದ್ದು. ದೇವಿದಾಸ ಕವಿಯ ‘ಕೃಷ್ಣಸಂಧಾನ’ವು ಕರಾವಳಿಯಲ್ಲಿ ಎಷ್ಟು ಸಲ ನಡೆಯಿತೆಂದು ಹೇಳಬಲ್ಲವರಿಲ್ಲ. ಕಾರ್ಕಳ ಸೀಮೆಯ ಮಾಳದವರಾದ ಡಾ. ಎಂ. ಪ್ರಭಾಕರ ಜೋಶಿಯವರು ಸ್ವತಃ ಅರ್ಥಧಾರಿಗಳಾಗಿದ್ದು, ಈ ಒಂದೇ ಪ್ರಸಂಗವನ್ನೂ ಅದರ ಪ್ರಯೋಗವನ್ನೂ ಕುರಿತು ಮಹಾಪ್ರಬಂಧವನ್ನು ರಚಿಸಿದರೆಂದ ಮೇಲೆ ಅದರ ಸಮೃದ್ಧಿಯನ್ನು ಬೇರೆ ಹೇಳಬೇಕಾಗಿಲ್ಲ. ಸಮಯ ಸಾಲದೆಂದಾಗ ಮೊದಲು ಬಿಡುವುದು ವಿದುರನ ಮನೆಯ ಭಾಗವನ್ನು. ವಿದುರನ ಪಾತ್ರಕ್ಕೆ ಖ್ಯಾತನಾಮರನ್ನು ಕರೆದಿರುವುದಿಲ್ಲ, ಆಮಂತ್ರಣದಲ್ಲಿ ಭಾವಚಿತ್ರವಿರುವುದಿಲ್ಲ. ಬಿಟ್ಟರೆ ಯಾರಿಗೂ ಅಸಮಾಧಾನವಿಲ್ಲ. ನೇರವಾಗಿ ಕೌರವನ ಓಲಗಕ್ಕೆ ಬರಬಹುದು. ಕೃಷ್ಣನು ಬಂದರೂ ಏಳದೆ ಕುಳಿತ ಕೌರವನನ್ನು ಅಂಗುಷ್ಠದಿಂದ ನೆಲವನ್ನೊತ್ತಿ ಸಿಂಹಾಸನದಿಂದ ಉರುಳಿಸಿದನೆಂಬ ಕುಮಾರವ್ಯಾಸನ ಪ್ರಸಿದ್ಧ ಸನ್ನಿವೇಶವೂ ಅಲ್ಲಿಯೇ ಇದೆ; ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವರಿಬ್ಬರು ಸಿಂಹಾಸನವಿಲ್ಲದೆ ಅದನ್ನು ಮಾತಿನಲ್ಲಿ ಉರುಳಿಸುವುದನ್ನು ಕೇಳಲು ಜನರು ಬರುತ್ತಾರೆ.

ಆದರೆ ಓಲಗದಲ್ಲಿ ಕೌರವನ ಮೊದಲ ಆಕ್ಷೇಪವೇನು? ತಾನು ಭೀಷ್ಮ ದ್ರೋಣರೊಡನೆ ಇದಿರುನೋಡುತ್ತಿರಲು, ತನ್ನ ಅರಮನೆಯ ಸತ್ಕಾರವನ್ನು ಬಿಟ್ಟು ವಿದುರನ ಮನೆಗೆ ಉಣಲು ಹೋದುದೇಕೆ ಎಂಬುದು. ಆ ಪ್ರಶ್ನೆಯಲ್ಲಿ ಒಬ್ಬ ಅರಸನ ನೊಂದ ಮನಸ್ಸಿದೆ. ರಾಯಭಾರಿಯು ಒಂದು ಪಕ್ಷದವನಾಗಿಯೇ ಬಂದನೆಂಬ ರಾಜನೀತಿಯ ತರ್ಕವೂ ಇದೆ. ಕೌರವನು ಬರಿಯ ದುರುಳನಾಗದೆ ಮನುಷ್ಯನಾಗುವುದು ಇಲ್ಲಿ. ಕೃಷ್ಣನು ಇದಕ್ಕೆ ಕೊಡುವ ಉತ್ತರದಿಂದ ಐದು ಗ್ರಾಮಗಳ ಬೇಡಿಕೆಯ ವರೆಗಿನ ಮಾತೆಲ್ಲ ಹಬ್ಬುತ್ತದೆ. ವಿದುರನ ಮನೆಯಲ್ಲಿ ನಡೆದುದನ್ನು ಕೇಳುವವರು ಕಂಡೇ ಇಲ್ಲವಾದರೆ, ಈ ಪ್ರಶ್ನೆಯು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವುದು. ಬೇರನ್ನು ಕೊಯ್ದು ಹೂವಿಗೆ ಅಂಕ ಕೊಟ್ಟಂತೆ ಇದು. ವಾಲಿಯ ಪ್ರಸಂಗದಲ್ಲಿ ತಾರೆಯ ಎಚ್ಚರಿಕೆಯ ಮಾತನ್ನು ಬಿಡುವುದೂ ಇದೇ ಬಗೆಯದು. ಹೆಂಡತಿಯು ತಡೆದಳೆಂಬುದನ್ನು ಕೇಳದವರಿಗೆ ವಾಲಿಯ ಕೊನೆಯ ಪಶ್ಚಾತ್ತಾಪವು ಅರ್ಧದಷ್ಟೇ ಮುಟ್ಟುವುದು.

ವಿದುರ, ಸಂಜಯ, ತಾರೆ, ದೂತ ಇವೇ ಹೊಸಬರ ಪಾತ್ರಗಳಾಗಿದ್ದವು. ನವರಾತ್ರಿಯಲ್ಲಿ ಹೂವಿನಕೋಲು ಹಿಡಿದು ಮನೆಮನೆಗೆ ಹೋಗಿ ಬಾಯಿಪಾಠದ ಅರ್ಥವನ್ನು ಒಪ್ಪಿಸುತ್ತಿದ್ದ ಹುಡುಗನು ಬೆಳೆದ ಮೇಲೆ ಬಾಯಿಪಾಠವಿಲ್ಲದೆ ಮಾತನಾಡುವುದನ್ನು ಕಲಿತದ್ದು ವಿದುರನಾಗಿ ಕೃಷ್ಣನ ಇದಿರು ಕುಳಿತ ರಾತ್ರಿಯಲ್ಲಿ. ಅಲ್ಲಿ ವಾದವಿಲ್ಲ, ಭಕ್ತಿಯಿದೆ. ತಪ್ಪಿದರೂ ಕೃಷ್ಣನಾದ ಹಿರಿಯನು ಕೈಹಿಡಿದು ನಡೆಸುವನು. ಭಾಗವತನು ಎರಡು ಪದ ಹೆಚ್ಚು ಹಾಡಿ ಯೋಚಿಸುವುದಕ್ಕೆ ಸಮಯ ಕೊಡುವನು. ಖ್ಯಾತರಾದ ಅರ್ಥಧಾರಿಗಳಲ್ಲಿ ಇಂತಹ ಚಿಕ್ಕ ಪಾತ್ರಗಳಿಂದ ಮೇಲೆ ಬಂದವರು ಅನೇಕರು. ಈಗ ನಿಯಮಾವಳಿಯಲ್ಲಿ ‘ಯುವ ಪ್ರತಿಭೆಗಳಿಗೆ ಪ್ರೋತ್ಸಾಹ’ ಎಂಬುದು ಧ್ಯೇಯಗಳಲ್ಲಿ ಒಂದಾಗಿ ಅಚ್ಚಾಗಿರುತ್ತದೆ, ಮತ್ತು ಅದೇ ಸಂಘದ ಕೂಟದಲ್ಲಿ ವಿದುರನ ಮನೆಯು ಸಮಯಾಭಾವದಿಂದ ಬಿಟ್ಟುಹೋಗಿರುತ್ತದೆ.

ವಂದನಾರ್ಪಣೆಯನ್ನು ಪತ್ರಿಕೆಯ ಹಿಂಬದಿಯಲ್ಲಿ ಮುದ್ರಿಸಿ, ಮಾನಪತ್ರವನ್ನು ಓದದೆ ಕೈಗೆ ಕೊಟ್ಟು, ಅತಿಥಿಗಳನ್ನು ಮಾತನಾಡುವುದಕ್ಕಲ್ಲದೆ ಕೇಳುವುದಕ್ಕೆ ಕರೆದರೆ ಮುಕ್ಕಾಲು ಗಂಟೆಯಾದರೂ ಉಳಿಯುತ್ತದೆ. ವಿದುರನಿಗೆ ಅಷ್ಟು ಸಾಕು. ಕೃಷ್ಣನಿಗೆ ಅವನ ಮನೆಯಲ್ಲಿ ಉಣಲಿಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.